ಸಂಜೆ ಮಲ್ಲಿಗೆ ಬಣ್ಣ ಉಳಿಸ್ಕೊಳ್ಳೋಕೆ ಗೆಡ್ಡೆನೇ ಬೇಕು: ನನ್ನ ಅನುಭವ

ಸಂಜೆ ಮಲ್ಲಿಗೆ ಬೆಳೆಸೋದು ಏನೂ ಕಷ್ಟ ಇಲ್ಲ, ಬೀಜ ಬಿದ್ದಲ್ಲಿ ತಾನೇ ಹುಟ್ಕೊಳ್ಳುತ್ತೆ, ಅದಕ್ಕೇ ತುಂಬಾ ಜನ ಇದನ್ನ ಕಳೆ ಲೆಕ್ಕಕ್ಕೆ ಸೇರಿಸ್ಬಿಡ್ತಾರೆ. ನನಗೆ ಅದು ಬೇಜಾರು. ಕಷ್ಟ ಇರೋದು ನಮಗೆ ಇಷ್ಟ ಆದ ಬಣ್ಣನ ವರ್ಷ ವರ್ಷ ಉಳಿಸ್ಕೊಳ್ಳೋದ್ರಲ್ಲಿ. ನನ್ನ ಹತ್ರ ಹಳದಿ ಮೇಲೆ ಗುಲಾಬಿ ಗೀರು ಬರೋ ಒಂದು ಗಿಡ ಇದೆ, ಅದೇ ಹೂವು ಬೇಕು ಅಂತ ನಾನು ಏನೇನು ಮಾಡ್ತೀನಿ ಅನ್ನೋದನ್ನ ಬರೀತಿದ್ದೀನಿ.

ಮೊದಲು ಬೀಜದ ವಿಷಯ ಹೇಳ್ಬಿಡ್ತೀನಿ. ಕಪ್ಪಗೆ ಸುಕ್ಕು ಸುಕ್ಕಾಗಿ ಕಾಳುಮೆಣಸಿನ ಹಾಗಿರುತ್ತೆ, ಒಡೆದ್ರೆ ಒಳಗೆ ಬೆಳ್ಳನೆ ಹಿಟ್ಟು. ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಂದು ಬೆರಳಗೆಣ್ಣಿನಷ್ಟು ಆಳಕ್ಕೆ ಹಾಕಿದ್ರೆ ಬೆಚ್ಚಗಿರೋ ಮಣ್ಣಲ್ಲಿ 1–2 ವಾರಕ್ಕೆ ಮೊಳಕೆ ಬರುತ್ತೆ. ಬೇರು ಬೇಗ ನೇರ ಕೆಳಗಿಳಿದು ದಪ್ಪ ಗೆಡ್ಡೆ ಆಗೋದ್ರಿಂದ ಬೇಕಾದ ಜಾಗಕ್ಕೇ ಬೀಜ ಹಾಕೋದು ವಾಸಿ, ಪಾಟ್ ಆದ್ರೆ ಕನಿಷ್ಠ 12 ಇಂಚು ಆಳ ಇರ್ಲಿ. ಗಿಡ 2–3 ಅಡಿ ಎತ್ತರಕ್ಕೆ ಬಂದು ಅಷ್ಟೇ ಅಗಲಕ್ಕೂ ಹರಡ್ಕೊಳ್ಳುತ್ತೆ, ನೆಲದಲ್ಲಾದ್ರೆ ನಾನು ಮಧ್ಯೆ 2 ಅಡಿ ಬಿಡ್ತೀನಿ.

ಬಿಸಿಲು ಚೆನ್ನಾಗಿ ಬೇಕು. ನೆರಳಲ್ಲೂ ಬದುಕುತ್ತೆ, ಆದ್ರೆ ಕಡ್ಡಿ ಉದ್ದ ಆಗಿ ಬಗ್ಗುತ್ತೆ, ಹೂವು ಕಮ್ಮಿ. ಕಾಂಡದ ಗಂಟು ಊದ್ಕೊಂಡಿರುತ್ತಲ್ಲ, ಅಲ್ಲಿ ಸ್ವಲ್ಪ ಕೈ ತಾಗಿದ್ರೂ ಪಟ್ಟಂತ ಮುರಿಯುತ್ತೆ, ಅದಕ್ಕೆ ಗಿಡ ಒಂದು ಗೇಣು ಇರುವಾಗಲೇ ತುದಿ ಚಿವುಟ್ತೀನಿ, ಕವಲು ಜಾಸ್ತಿ ಬಂದು ಗಿಡ ಗುಂಡಗೆ ಗಟ್ಟಿ ಆಗುತ್ತೆ. ನೆಡುವಾಗ ಚೆನ್ನಾಗಿ ಕಳಿತ ಗೊಬ್ಬರ ಒಂದು ಬೊಗಸೆ ಹಾಕಿದ್ರೆ ಸಾಕು, ನೈಟ್ರೋಜನ್ ಜಾಸ್ತಿ ಆದ್ರೆ ಬರೀ ಎಲೆ. ಮಧ್ಯಾಹ್ನ ಎಲೆ ಜೋತು ಬಿದ್ದಿದ್ದು ನೋಡಿ ಗಾಬರಿಯಾಗಿ ನೀರು ಹಾಕ್ಬೇಡಿ, ಬೆರಳು ಇಟ್ಟು ಮಣ್ಣು ನೋಡಿ, ಒಳಗೆ ತೇವ ಇದ್ರೆ ಬಿಸಿಲು ಇಳಿದ ಮೇಲೆ ತಾನೇ ಎದ್ದು ನಿಲ್ಲುತ್ತೆ. ನೀರು ನಿಂತ್ರೆ ಮಾತ್ರ ಗೆಡ್ಡೆ ಕೊಳೆಯುತ್ತೆ, ಅಲ್ಲಿಗೆ ಮುಗೀತು.

ಹೂವನ್ನ ಹತ್ರ ಕೂತು ನೋಡ್ಬೇಕು. ಸಂಜೆ ಬಿಸಿಲು ಕಮ್ಮಿ ಆಗ್ತಿದ್ದ ಹಾಗೆ ಸುರುಳಿ ಬಿಚ್ಚಿ, ಉದ್ದ ಕೊಳವೆ ಆಚೆಗೆ ಕೇಸರಗಳು ಚಾಚ್ಕೊಂಡು ನಿಲ್ತವೆ, ಆಮೇಲೆ ಪರಿಮಳ. ನಾವು ದಳ ಅನ್ಕೊಳ್ಳೋದು ನಿಜವಾಗಿ ದಳ ಅಲ್ಲ, ಬಣ್ಣ ಬಂದಿರೋ ಪುಷ್ಪಪಾತ್ರೆ, ಅಂದ್ರೆ ಬೇರೆ ಹೂಗಳಲ್ಲಿ ಸಾಮಾನ್ಯವಾಗಿ ದಳದ ಕೆಳಗೆ ಹಸಿರಾಗಿರೋ ಭಾಗ. ಕತ್ತಲಾದ ಮೇಲೆ ಉದ್ದ ಹೀರುನಾಳ ಇರೋ ದೊಡ್ಡ ಪತಂಗಗಳು ಬರ್ತವೆ. ಅವು ಬರದೇ ಇದ್ರೂ ಬೆಳಗ್ಗೆ ಹೂವು ಮುಚ್ಚುವಾಗ ಕೇಸರ, ಶಲಾಕೆ (ಹೂವಿನ ಹೆಣ್ಣು ಭಾಗದ ಕಡ್ಡಿ) ಎರಡೂ ಒಳಕ್ಕೆ ಸುರುಳಿ ಸುತ್ಕೊಂಡು ಒಂದಕ್ಕೊಂದು ತಾಗಿ, ತನ್ನ ಪರಾಗ ತನಗೇ ಅಂಟ್ಕೊಂಡು ಬೀಜ ಕಟ್ಟುತ್ತೆ. ಒಂದು ಹೂವಿಗೆ ಒಂದೇ ಬೀಜ.

ಆದ್ರೆ ಆ ಬೀಜದಿಂದ ತಾಯಿ ಗಿಡದ ಬಣ್ಣನೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ತಾಯಿ ತಂದೆಯ ಗುಣ ಮುಂದಿನ ಪೀಳಿಗೆಗೆ ಹೇಗೆ ಹೋಗುತ್ತೆ ಅನ್ನೋ ಮೆಂಡೆಲ್ ನಿಯಮಗಳನ್ನ 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರಾದ ಜರ್ಮನಿಯ ಕಾರ್ಲ್ ಕೊರೆನ್ಸ್ ಇದೇ ಗಿಡದ ಮೇಲೂ ಪ್ರಯೋಗ ಮಾಡಿದ್ರು. ಕೆಂಪು ಬಿಳಿ ಕ್ರಾಸ್ ಮಾಡಿದ್ರೆ ಗುಲಾಬಿ, ಆ ಗುಲಾಬಿಯ ಬೀಜ ಹಾಕಿದ್ರೆ ಮತ್ತೆ ಕೆಂಪು, ಗುಲಾಬಿ, ಬಿಳಿ ಮೂರೂ 1:2:1 ಲೆಕ್ಕದಲ್ಲಿ. ಅಂದ್ರೆ ಗುಲಾಬಿ ಗಿಡದ ಬೀಜ ಹಾಕಿದ್ರೆ ಅರ್ಧದಷ್ಟು ಗಿಡಗಳಲ್ಲಿ ಗುಲಾಬಿ ಬರೋದೇ ಇಲ್ಲ. ಗೀರು ಇರೋದಂತೂ ಇನ್ನೂ ಚಂಚಲ, ಒಂದೇ ಗಿಡದಲ್ಲಿ ಒಂದು ಕೊಂಬೆ ಪೂರ್ತಿ ಹಳದಿ, ಇನ್ನೊಂದು ಪೂರ್ತಿ ಗುಲಾಬಿ ಬಿಡೋದೂ ಉಂಟು.

ಹಾಗಾಗಿ ನಾನು ನಂಬೋದು ಗೆಡ್ಡೆನ, ಅದ್ರಿಂದ ಮತ್ತೆ ಚಿಗುರೋದು ಅದೇ ಗಿಡ. ಹೂವು ಬಿಡುವಾಗಲೇ ಬೇಕಾದ ಗಿಡದ ಬುಡಕ್ಕೆ ಅದೇ ಬಣ್ಣದ ದಾರ ಕಟ್ಟಿರ್ತೀನಿ, ಯಾಕಂದ್ರೆ ಆಮೇಲೆ ಎಲೆ ಉದುರಿ ಕಡ್ಡಿ ಒಣಗಿದ ಮೇಲೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಕಡ್ಡಿ ಒಣಗಿದಾಗ 3–4 ಇಂಚು ಬಿಟ್ಟು ಕತ್ತರಿಸಿ, ದೂರದಿಂದ ಅಗೆದು ಗೆಡ್ಡೆಗೆ ಗಾಯ ಆಗದ ಹಾಗೆ ಎತ್ತಿ, ತೊಳೀದೆ ಮಣ್ಣು ಕೊಡವಿ ನೆರಳಲ್ಲಿ ಒಣಗಿಸಿ, ಒಣ ಮರಳಲ್ಲಿ ಹೂತಿಡ್ತೀನಿ. ಮಣ್ಣು ಹೆಪ್ಪುಗಟ್ಟೋ ಚಳಿ, ನೀರು ನಿಲ್ಲೋ ಮಳೆ ಎರಡೂ ಇಲ್ಲದ ಕಡೆ ನೆಲದಲ್ಲೇ ಬಿಟ್ರೂ ನಡೆಯುತ್ತೆ. ವಾಪಸ್ ನೆಡುವಾಗ ಗೆಡ್ಡೆ ತಲೆ ಮಣ್ಣಿನ ಮಟ್ಟಕ್ಕೇ ಇರ್ಲಿ, ಚಿಗುರು ಕಾಣೋವರೆಗೂ ನೀರು ಬರೀ ತೇವಕ್ಕೆ ಅಷ್ಟೇ. ಬೀಜದ ಗಿಡಕ್ಕಿಂತ ಬೇಗ ಹೂವು ಬರುತ್ತೆ, ಗಿಡವೂ ತುಂಬ್ಕೊಂಡು ಬರುತ್ತೆ.

ಬೀಜ, ಗೆಡ್ಡೆ ಎರಡೂ ವಿಷ, ಚಿಕ್ಕ ಮಕ್ಕಳು, ನಾಯಿ ಇರೋ ಮನೇಲಿ ಎತ್ತರದಲ್ಲಿಡಿ, ಮುಟ್ಟಿದ ಮೇಲೆ ಕೈ ತೊಳ್ಕೊಳ್ಳಿ.

ಇನ್ನೊಂದು, ಬೀಜ ಕಪ್ಪಾದ ತಕ್ಷಣ ಬಿಡಿಸ್ಕೊಳ್ಳಿ. ಬಿಟ್ರೆ ಗೆಡ್ಡೆ ಪಕ್ಕದಲ್ಲೇ ಬಿದ್ದು ಹುಟ್ಟಿ, ನಿಮ್ಮ ಬಣ್ಣದ ಗಿಡ ಯಾವುದು ಅಂತ ಗೊಂದಲ. ಹಾಗೇನಾದ್ರೂ ಆದ್ರೆ ಬುಡ ನೋಡಿ: ಬೀಜದ ಸಸಿಗೆ ಮೊದಲು ಎರಡು ಅಗಲವಾದ ಬೀಜದೆಲೆ ಬರ್ತವೆ, ಗೆಡ್ಡೆಯಿಂದ ಬರೋದು ಬೀಜದೆಲೆ ಇಲ್ಲದ ದಪ್ಪ ಚಿಗುರು. ಬೀಜದ್ದನ್ನ ಸಣ್ಣದಿರುವಾಗಲೇ ಕಿತ್ತು ಬೇರೆ ಕಡೆ ನೆಡಿ, ದೊಡ್ಡದಾದ್ರೆ ಗೆಡ್ಡೆ ಬೇರಿನ ಜೊತೆ ಸಿಕ್ಕಾಕ್ಕೊಂಡು ಬರಲ್ಲ.