ಡೆಲ್ಟ್ ವಿತ್, ಲುಕ್ಡ್ ಇಂಟು: ಇಂಗ್ಲಿಷ್ ತಿದ್ದುವಾಗ ನಾನು ಕಂಡುಕೊಂಡ ದಾರಿ

ಬೇರೆಯವರು ಬರೆದ ಇಂಗ್ಲಿಷನ್ನು ತಿದ್ದಿಕೊಡುವುದು ನನ್ನ ಕೆಲಸ. ವರದಿ, ಪತ್ರ, ನಿಯಮಾವಳಿ, ಪ್ರಬಂಧ ಎಲ್ಲವೂ ಬರುತ್ತವೆ. ಸ್ಪೆಲಿಂಗ್ ತಪ್ಪುಗಳು ಈಗ ಕಡಿಮೆ, ಕಂಪ್ಯೂಟರೇ ಹಿಡಿದುಬಿಡುತ್ತದೆ. ಆದರೆ ಒಂದು ಜಾಗದಲ್ಲಿ ಮಾತ್ರ ಚೆನ್ನಾಗಿ ಇಂಗ್ಲಿಷ್ ಬರುವವರೂ ತಡವರಿಸುತ್ತಾರೆ. ಲುಕ್ ಆಫ್ಟರ್, ಡೀಲ್ ವಿತ್, ರಿಪ್ಲೈ ಟು, ಅಕೌಂಟ್ ಫಾರ್ ಥರದ ಕ್ರಿಯಾಪದಗಳನ್ನು ಪ್ಯಾಸಿವ್‌ಗೆ (ಕರ್ಮಣಿ ಪ್ರಯೋಗಕ್ಕೆ) ತಿರುಗಿಸಬೇಕಾದಾಗ, ಅದರಲ್ಲೂ ಆ ಪ್ಯಾಸಿವ್ ಒಂದು ಇಫ್ ಒಳಗೆ ಹೋಗಿ ಕೂತಾಗ.

ಎಡವಟ್ಟು ಹೆಚ್ಚಾಗಿ ಎರಡು ಥರ. ಒಂದರಲ್ಲಿ ಪ್ರಿಪೊಸಿಷನ್ನೇ, ಅಂದರೆ ಟು, ವಿತ್, ಆಫ್ಟರ್ ಥರದ ಪುಟ್ಟ ಪದವೇ ಮಾಯ. 'ಇಫ್ ದಿ ಲೆಟರ್ ಈಸ್ ನಾಟ್ ರಿಪ್ಲೈಡ್, ದಿ ಫೈಲ್ ವಿಲ್ ಬಿ ಕ್ಲೋಸ್ಡ್' ಎಂದು ಬರೆದಿರುತ್ತಾರೆ. 'ರಿಪ್ಲೈಡ್ ಟು' ಆಗಬೇಕು. ಇನ್ನೊಂದರಲ್ಲಿ ಪ್ರಿಪೊಸಿಷನ್ ಇರುತ್ತದೆ, ಆದರೆ ಅದರ ಮುಂದೆ ಖಾಲಿ ಬಿಡಲು ಮನಸ್ಸಾಗದೆ ಒಂದು ಇಟ್ ಅಥವಾ ದೆಮ್ ಸೇರಿಸಿರುತ್ತಾರೆ. 'ಇಫ್ ದಿ ಪೇಷಂಟ್ಸ್ ಆರ್ ಲುಕ್ಡ್ ಆಫ್ಟರ್ ದೆಮ್ ವೆಲ್' ಅಂತ. ಪೇಷಂಟ್ಸ್ ಆಗಲೇ ವಾಕ್ಯದ ಮುಂದಕ್ಕೆ ಬಂದು ಕೂತಿದ್ದಾರೆ, ಮತ್ತೆ ದೆಮ್ ಯಾಕೆ ಬೇಕು?

ಇದು ದಡ್ಡತನದಿಂದ ಆಗುವುದಲ್ಲ. ನಮ್ಮ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯ ನಾಮಪದಕ್ಕೇ ಅಂಟಿಕೊಂಡಿರುತ್ತದೆ, ನಾಮಪದ ಹೋದಲ್ಲಿಗೆ ಅದೂ ಹೋಗುತ್ತದೆ. ಇಂಗ್ಲಿಷಿನ ಪ್ಯಾಸಿವ್‌ನಲ್ಲಿ ಮಾತ್ರ ನಾಮಪದ ಎದ್ದು ಮುಂದೆ ಹೋದರೂ ಪ್ರಿಪೊಸಿಷನ್ ಕ್ರಿಯಾಪದದ ಹತ್ತಿರವೇ ಉಳಿದುಬಿಡುತ್ತದೆ. ಪ್ರಪಂಚದ ಭಾಷೆಗಳಲ್ಲಿ ಇದು ಅಪರೂಪದ ಗುಣ. ಇಂಗ್ಲಿಷಿನ ಹತ್ತಿರದ ನೆಂಟ ಜರ್ಮನ್‌ನಲ್ಲೂ ಇಲ್ಲ, ಫ್ರೆಂಚ್‌ನಲ್ಲೂ ಇಲ್ಲ. ನಾರ್ವೇಜಿಯನ್, ಸ್ವೀಡಿಷ್ ಭಾಷೆಗಳಲ್ಲಿ ಉಂಟು. ಹಳೆಯ ಇಂಗ್ಲಿಷಿನಲ್ಲಿ ಕೂಡ ಇಂಥ ಪ್ಯಾಸಿವ್ ಇರಲಿಲ್ಲ, 13ನೇ ಶತಮಾನದಿಂದೀಚೆಗೆ ಬರಹದಲ್ಲಿ ಕಾಣಿಸಿಕೊಂಡದ್ದು. ಹಾಗಾಗಿ ಬೇರೆ ಭಾಷೆಯಿಂದ ಬಂದವರಿಗೆ ಇದು ಸಹಜ ಅನ್ನಿಸದಿದ್ದರೆ ಆಶ್ಚರ್ಯವಿಲ್ಲ.

ನಾನು ಮಾಡುವುದು ಇಷ್ಟು. ಅನುಮಾನ ಬಂದ ವಾಕ್ಯವನ್ನು ಮೊದಲು ಆ್ಯಕ್ಟಿವ್‌ಗೆ ತರುತ್ತೇನೆ. 'ಸಂಒನ್ ಮಸ್ಟ್ ಡೀಲ್ ವಿತ್ ದಿ ಲೀಕ್.' ಇದರಲ್ಲಿ ಡೀಲ್ ಮತ್ತು ವಿತ್ ಎರಡರ ಕೆಳಗೂ ಸೇರಿಸಿ ಒಂದೇ ಗೆರೆ ಎಳೆಯುತ್ತೇನೆ. ಆಮೇಲೆ ಪ್ಯಾಸಿವ್ ಮಾಡುವಾಗ ಆ ಗೆರೆಯನ್ನು ತುಂಡು ಮಾಡುವಂತಿಲ್ಲ. 'ದಿ ಲೀಕ್ ಮಸ್ಟ್ ಬಿ ಡೆಲ್ಟ್ ವಿತ್.' ಮುಗಿಯಿತು. ಈಗ ಇದನ್ನೇ ಇಫ್ ಒಳಗೆ ಹಾಕಿ ನೋಡಿ: 'ಇಫ್ ಇಟ್ ಈಸ್ ಡೆಲ್ಟ್ ವಿತ್', 'ಇಫ್ ಇಟ್ ವರ್ ಡೆಲ್ಟ್ ವಿತ್', 'ಇಫ್ ಇಟ್ ಹ್ಯಾಡ್ ಬೀನ್ ಡೆಲ್ಟ್ ವಿತ್'. ಮೊದಲನೆಯದು ಆಗಬಹುದಾದದ್ದು, ಎರಡನೆಯದು ಬರೀ ಊಹೆ, ಮೂರನೆಯದು ಕೈತಪ್ಪಿಹೋದದ್ದು. ಅರ್ಥದ ಈ ಬದಲಾವಣೆಯನ್ನೆಲ್ಲ ಹೊತ್ತುಕೊಂಡಿರುವುದು ಈಸ್, ವರ್, ಹ್ಯಾಡ್ ಬೀನ್ ಮಾತ್ರ. ಡೆಲ್ಟ್ ವಿತ್ ಅಲ್ಲಾಡುವುದೇ ಇಲ್ಲ. ಇದು ಕಣ್ಣಿಗೆ ಬಿದ್ದ ಮೇಲೆ ಕಂಡಿಷನಲ್ (ಇಫ್ ವಾಕ್ಯ) ಬೇರೆ, ಪ್ಯಾಸಿವ್ ಬೇರೆ, ಪ್ರಿಪೊಸಿಷನ್ ಬೇರೆ ಅಂತ ಮೂರು ತಲೆನೋವು ಇಟ್ಟುಕೊಳ್ಳಬೇಕಾಗಿಲ್ಲ. ಬಾಲ ಗಟ್ಟಿ, ನಡು ಮಾತ್ರ ಬದಲಾಗುತ್ತದೆ.

ನಾನು ತಿದ್ದುವಂಥ ಒಂದು ವಾಕ್ಯವನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. 'ಇಫ್ ದಿ ಕಂಪ್ಲೇಂಟ್ ವುಡ್ ಹ್ಯಾವ್ ಬೀನ್ ಲುಕ್ಡ್ ಪ್ರಾಪರ್ಲಿ ಇನ್ ಟೈಮ್, ದಿ ಲಾಸ್ ವುಡ್ ನಾಟ್ ಹ್ಯಾವ್ ಹ್ಯಾಪನ್ಡ್.' ಓದಿದರೆ ಅರ್ಥವಾಗುತ್ತದೆ, ಅದಕ್ಕೇ ಬರೆದವರಿಗೆ ತಪ್ಪು ಕಾಣುವುದಿಲ್ಲ. ಮೊದಲು ವುಡ್ ಹ್ಯಾವ್ ಬೀನ್ ತೆಗೆದು ಹ್ಯಾಡ್ ಬೀನ್ ಹಾಕುತ್ತೇನೆ, ಯಾಕೆಂದರೆ ವುಡ್ ಇರಬೇಕಾದ್ದು ಫಲಿತಾಂಶ ಹೇಳುವ ಭಾಗದಲ್ಲಿ. ಎರಡನೆಯದಾಗಿ ದೂರನ್ನು ಬರೀ 'ಲುಕ್' ಮಾಡುವುದಲ್ಲ, 'ಲುಕ್ ಇಂಟು' ಮಾಡುವುದು. ಇಂಟು ವಾಪಸ್ ಬರಬೇಕು. ಅದು ಎಲ್ಲಿ ಬರಬೇಕು? ಆ್ಯಕ್ಟಿವ್‌ನಲ್ಲಾದರೆ 'ದೆ ಲುಕ್ಡ್ ಕೇರ್‌ಫುಲಿ ಇಂಟು ದಿ ಕಂಪ್ಲೇಂಟ್' ಅಂತ ನಡುವೆ ಒಂದು ಪದ ತೂರಿಸಲು ಜಾಗ ಇದೆ. ಪ್ಯಾಸಿವ್‌ನಲ್ಲಿ ಆ ಜಾಗ ಮುಚ್ಚಿಹೋಗುತ್ತದೆ. 'ವಾಸ್ ಲುಕ್ಡ್ ಕೇರ್‌ಫುಲಿ ಇಂಟು' ಕಿವಿಗೆ ಒಗ್ಗುವುದಿಲ್ಲ. 'ವಾಸ್ ಕೇರ್‌ಫುಲಿ ಲುಕ್ಡ್ ಇಂಟು' ಅಂತ ಮುಂಚೆ ಹಾಕಬೇಕು, ಇಲ್ಲವೇ ಇಂಟು ಆದ ಮೇಲೆ. ಹಾಗಾದರೆ 'ಲುಕ್ಡ್ ಇಂಟು ಇನ್ ಟೈಮ್' ಅನ್ನೋಣವೇ? ತಪ್ಪಲ್ಲ, ಆದರೆ ಎರಡು ಪ್ರಿಪೊಸಿಷನ್ ಮೈಗೆ ಮೈ ತಾಗಿ ನಿಂತರೆ ಓದುವವರು ಒಂದು ಕ್ಷಣ ನಿಲ್ಲುತ್ತಾರೆ. ಹಾಗಾಗಿ ಪ್ರಾಪರ್ಲಿ, ಇನ್ ಟೈಮ್ ಎರಡರ ಬದಲು ಪ್ರಾಂಪ್ಟ್ಲಿ. ಕೊನೆಗೆ ಉಳಿದದ್ದು: 'ಇಫ್ ದಿ ಕಂಪ್ಲೇಂಟ್ ಹ್ಯಾಡ್ ಬೀನ್ ಪ್ರಾಂಪ್ಟ್ಲಿ ಲುಕ್ಡ್ ಇಂಟು, ದಿ ಲಾಸ್ ವುಡ್ ನಾಟ್ ಹ್ಯಾವ್ ಹ್ಯಾಪನ್ಡ್.' ಇನ್ನೂ ಬಿಗಿ ಬೇಕಾದರೆ ಇಫ್ ಕಿತ್ತುಹಾಕಿ 'ಹ್ಯಾಡ್ ದಿ ಕಂಪ್ಲೇಂಟ್ ಬೀನ್ ಪ್ರಾಂಪ್ಟ್ಲಿ ಲುಕ್ಡ್ ಇಂಟು' ಅನ್ನಬಹುದು. ಹ್ಯಾಡ್ ಒಂದೇ ಮುಂದಕ್ಕೆ ಜಿಗಿಯಿತು, ಉಳಿದದ್ದೆಲ್ಲ ಇದ್ದಲ್ಲೇ ಇದೆ, ನೋಡಿ.

ಇದೇ ಕಾರಣಕ್ಕೆ 'ಡೆಲ್ಟ್ ವಿತ್ ವಿತ್ ಕೇರ್' ಕಂಡರೆ ಯೋಚಿಸದೆ 'ಡೆಲ್ಟ್ ವಿತ್ ಕೇರ್‌ಫುಲಿ' ಮಾಡಿಬಿಡುತ್ತೇನೆ. ಅವಸರದಲ್ಲಿ ಒಂದು ವಿತ್ ಅಳಿಸಿದವರ ಬರಹವನ್ನೂ ನೋಡಿದ್ದೇನೆ, ಹಾಗೆ ಮಾಡಿದರೆ ಬಾಲವೇ ತುಂಡಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಪ್ರಿಪೊಸಿಷನ್ ಬಂದ ಎಲ್ಲ ಕ್ರಿಯಾಪದವನ್ನೂ ಹೀಗೆ ತಿರುಗಿಸಲು ಆಗುವುದಿಲ್ಲ. 'ದಿ ಮ್ಯಾಟರ್ ವಾಸ್ ಗಾನ್ ಇಂಟು' ಸರಿ, 'ದಿ ಟನಲ್ ವಾಸ್ ಗಾನ್ ಇಂಟು' ಸರಿಯಿಲ್ಲ. 'ಎ ಕನ್‌ಕ್ಲೂಷನ್ ವಾಸ್ ಅರೈವ್ಡ್ ಅಟ್' ನಡೆಯುತ್ತದೆ, 'ದಿ ಸ್ಟೇಷನ್ ವಾಸ್ ಅರೈವ್ಡ್ ಅಟ್' ನಡೆಯುವುದಿಲ್ಲ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಆ ವಸ್ತುವಿಗೆ ಏನಾದರೂ ಆಯಿತಾ, ಇಲ್ಲ ಅದು ಸುಮ್ನೆ ಒಂದು ಜಾಗವಾ? ವಿಷಯದ ವಿಚಾರಣೆ ಆಯಿತು, ಸುರಂಗಕ್ಕೆ ಏನೂ ಆಗಲಿಲ್ಲ. 'ದಿಸ್ ಬೆಡ್ ಹ್ಯಾಸ್ ಬೀನ್ ಸ್ಲೆಪ್ಟ್ ಇನ್' ಅನ್ನುವುದು ಒಪ್ಪಿಗೆಯಾಗುವುದೂ ಇದರಿಂದಲೇ, ಯಾರೋ ಮಲಗಿದ ಗುರುತು ಹಾಸಿಗೆಯ ಮೇಲೆ ಉಳಿದಿದೆ. ಡಿಪೆಂಡ್ ಆನ್ ಇನ್ನೂ ಸ್ವಾರಸ್ಯ. ಜನ ಒಬ್ಬರನ್ನು ನಂಬಿದಾಗ 'ಶಿ ಕ್ಯಾನ್ ಬಿ ಡಿಪೆಂಡೆಡ್ ಆನ್' ಅನ್ನಬಹುದು. ಆದರೆ 'ದಿ ರಿಸಲ್ಟ್ ಡಿಪೆಂಡ್ಸ್ ಆನ್ ದಿ ವೆದರ್' ಅನ್ನುವುದನ್ನು ತಿರುಗಿಸಲು ಬರುವುದಿಲ್ಲ. ಬಿಲಾಂಗ್ ಟು, ಕನ್ಸಿಸ್ಟ್ ಆಫ್, ರಿಸಲ್ಟ್ ಇನ್ ಇವು ಪ್ಯಾಸಿವ್ ಆಗುವುದೇ ಇಲ್ಲ. 'ಇಫ್ ದಿ ಟೀಮ್ ಈಸ್ ಕನ್ಸಿಸ್ಟೆಡ್ ಆಫ್' ಅಂತ ಬಂದರೆ 'ಕನ್ಸಿಸ್ಟ್ಸ್ ಆಫ್' ಮಾಡಿ ಮುಂದೆ ಹೋಗುತ್ತೇನೆ.

ಉಲ್ಟಾ ತಪ್ಪೂ ಇದೆ. ಡಿಸ್ಕಸ್‌ಗೆ ಅಬೌಟ್ ಬೇಡ, ಆದರೂ 'ಇಫ್ ದಿಸ್ ಈಸ್ ಡಿಸ್ಕಸ್ಡ್ ಅಬೌಟ್' ಜಾಸ್ತಿ ಕಾಣುತ್ತದೆ. ಆ್ಯಕ್ಟಿವ್‌ಗೆ ತಂದು 'ವಿ ಡಿಸ್ಕಸ್ಡ್ ದಿ ಪ್ಲಾನ್' ಅಂದು ನೋಡಿದರೆ ಗೆರೆ ಎಳೆಯಲು ಪ್ರಿಪೊಸಿಷನ್ನೇ ಸಿಗುವುದಿಲ್ಲ, ಅಲ್ವಾ?

ನಿಯಮಾವಳಿಗಳಲ್ಲಿ ಇಫ್ ಜೊತೆಯ ಕರ್ತೃವನ್ನೂ ಈಸ್‌ಅನ್ನೂ ಬಿಟ್ಟು ಬರೆಯುವುದು ಮಾಮೂಲು. 'ಇಫ್ ಆಸ್ಕ್ಡ್ ಫಾರ್', 'ಅನ್‌ಲೆಸ್ ಅಟೆಂಡೆಡ್ ಟು'. ಇಷ್ಟು ಕತ್ತರಿಸಿದರೂ ಬಾಲ ಉಳಿಯಿತು. ಅನ್‌ಅಕೌಂಟೆಡ್ ಫಾರ್, ಅನ್‌ಹರ್ಡ್ ಆಫ್ ಥರದ ಪದಗಳಲ್ಲೂ ಅದೇ ಕಥೆ. ಹೀಗೆ ಮೊಟಕು ಮಾಡಿದಾಗ ನಾನು ನೋಡುವುದು ಮುಂದಿನ ಭಾಗದ ಕರ್ತೃ ಯಾರು ಎನ್ನುವುದನ್ನು. 'ಇಫ್ ನಾಟ್ ಡೆಲ್ಟ್ ವಿತ್, ವಿ ವಿಲ್ ಫೇಸ್ ಟ್ರಬಲ್' ಅಂದರೆ ಕ್ರಮ ಜರುಗಿಸಬೇಕಾದ್ದು ನಮ್ಮ ಮೇಲೆ ಅಂತಾಗುತ್ತದೆ. 'ಇಫ್ ನಾಟ್ ಡೆಲ್ಟ್ ವಿತ್, ದಿ ಲೀಕ್ ವಿಲ್ ಗೆಟ್ ವರ್ಸ್' ಅಂದರೆ ಸರಿಹೋಯಿತು.

ಪ್ರಿಪೊಸಿಷನ್‌ನಲ್ಲಿ ವಾಕ್ಯ ಮುಗಿಯಬಾರದು ಅಂತ ಶಾಲೆಯಲ್ಲಿ ಕಲಿತವರು ಇಲ್ಲಿ ಗಲಿಬಿಲಿಯಾಗುತ್ತಾರೆ. ಕವಿ ಜಾನ್ ಡ್ರೈಡನ್ 1672ರಲ್ಲಿ ಅಂಥ ವಾಕ್ಯಗಳ ಬಗ್ಗೆ ಆಕ್ಷೇಪ ಎತ್ತಿದ್ದು ನಿಜ, ಆಮೇಲೆ ಅದು ನಿಯಮದ ಹಾಗೆ ಹಬ್ಬಿತು. ಆದರೆ ಪ್ಯಾಸಿವ್‌ನಲ್ಲಿ ಬೇರೆ ದಾರಿಯೇ ಇಲ್ಲ. 'ಶಿ ವಾಸ್ ಲುಕ್ಡ್ ಆಫ್ಟರ್' ಅನ್ನುವುದರ ಆಫ್ಟರ್ ಅನ್ನು ಎಲ್ಲಿಗೂ ಎತ್ತಿಡಲು ಆಗುವುದಿಲ್ಲ. ಆ ನಿಯಮವನ್ನು ನಾನು ಪಾಲಿಸುವುದಿಲ್ಲ, ಕೇಳಿದವರಿಗೂ ಬಿಟ್ಟುಬಿಡಿ ಎನ್ನುತ್ತೇನೆ.

ಕೊನೆಯಲ್ಲಿ ಬೈ ಬಂದರೆ ಮಾತ್ರ ಇನ್ನೊಮ್ಮೆ ಯೋಚಿಸುತ್ತೇನೆ. 'ಇಫ್ ದಿ ಚಿಲ್ಡ್ರನ್ ಆರ್ ಲುಕ್ಡ್ ಆಫ್ಟರ್ ಬೈ ದಿ ನರ್ಸ್' ವ್ಯಾಕರಣದ ಪ್ರಕಾರ ಸರಿಯೇ. ಆದರೆ ಯಾರು ಎನ್ನುವುದು ಗೊತ್ತಿದ್ದ ಮೇಲೆ, ಅದನ್ನು ಹೇಳಲೂ ಬೇಕಾದ ಮೇಲೆ, ಪ್ಯಾಸಿವ್ ಯಾಕೆ? 'ಇಫ್ ದಿ ನರ್ಸ್ ಲುಕ್ಸ್ ಆಫ್ಟರ್ ದಿ ಚಿಲ್ಡ್ರನ್' ಎಂದು ತಿದ್ದುತ್ತೇನೆ. ಮಕ್ಕಳ ಬಗ್ಗೆಯೇ ಪ್ಯಾರಾ ಸಾಗುತ್ತಿದ್ದರೆ ಮಾತ್ರ ಪ್ಯಾಸಿವ್ ಅನ್ನು ಹಾಗೇ ಬಿಡುತ್ತೇನೆ.