16 ಓಂ ಸ್ಪೀಕರ್‌ಗೆ 8 ಓಂ ಟ್ಯಾಪ್: ನನ್ನ ಅನುಭವ

ಬಾಗಿಲು ಮುಚ್ಚಿದ ಚಿತ್ರಮಂದಿರವೊಂದರಿಂದ ನನ್ನ ಮನೆಗೆ ಬಂದ ಜೋಡಿ ಹಾರ್ನ್ ಸ್ಪೀಕರ್‌ಗಳು 16 ಓಂನವು (ಓಂ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 97 ಡೆಸಿಬೆಲ್ ನುಡಿಯುವ ಇವಕ್ಕೆ, 87 ಡೆಸಿಬೆಲ್‌ನ ಸಾಧಾರಣ ಸ್ಪೀಕರ್ ಬೇಡುವ ಶಕ್ತಿಯ ಹತ್ತನೆಯ ಒಂದು ಭಾಗ ಸಾಕು. ಈ ಲೆಕ್ಕ ಗೊತ್ತಿದ್ದರೂ ಮೊದಲು ನಾನು ಜೋಡಿಸಿದ್ದು ಮನೆಯಲ್ಲಿದ್ದ 100 ವಾಟ್‌ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು.

16 ಓಂನಲ್ಲಿ ಅದರ ಶಕ್ತಿ ಸುಮಾರು ಅರ್ಧಕ್ಕಿಳಿದರೂ ಅದರಿಂದ ಏನೂ ಕಡಿಮೆಯಾಗಲಿಲ್ಲ. ತೊಂದರೆ ಕಾಣಿಸಿದ್ದು ಹಾಡು ನಿಂತಾಗ. ಆಲಾಪನೆಯ ನಡುವಿನ ಬಿಡುವಿನಲ್ಲಿ, ತಂಬೂರದ ನಾದ ಮಾತ್ರ ಉಳಿಯಬೇಕಾದಲ್ಲಿ, ಹಾರ್ನ್‌ನಿಂದ ಸುಯ್ ಎನ್ನುವ ಸದ್ದು ಕೇಳುತ್ತಿತ್ತು. ಈ ಸ್ಪೀಕರ್‌ಗೆ ಒಂದು ವಾಟ್ ಎಂದರೆ 4 ವೋಲ್ಟ್. ಆಂಪ್ಲಿಫೈಯರ್‌ನ ಸ್ವಂತ ಸದ್ದು ಕೇವಲ 1 ಮಿಲಿವೋಲ್ಟ್ ಇದ್ದರೂ ಅದು 4 ವೋಲ್ಟ್‌ಗಿಂತ 72 ಡೆಸಿಬೆಲ್ ಕೆಳಗಿರುವುದರಿಂದ, ಒಂದು ಮೀಟರ್ ದೂರದಲ್ಲಿ 25 ಡೆಸಿಬೆಲ್‌ನಷ್ಟು ಕೇಳಿಸುತ್ತದೆ. ಪ್ರೀಆಂಪ್‌ನ (ಆಂಪ್ಲಿಫೈಯರ್‌ಗೆ ಮೊದಲಿನ ಹಂತದ) ನಂತರ ಸಿಗ್ನಲನ್ನು 10 ಡೆಸಿಬೆಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿದೆ. ವಾಲ್ಯೂಮ್ ತಿರುಗಿಸಲು ಜಾಗ ಸಿಕ್ಕಿತು, ಆದರೆ ಅದರ ಮುಂದಿರುವ ಪವರ್ ಆಂಪ್‌ನ, ಅಂದರೆ ಸ್ಪೀಕರನ್ನು ನಡೆಸುವ ಆ ಆಂಪ್ಲಿಫೈಯರ್‌ನ, ಸದ್ದು ಹಾಗೆಯೇ ಉಳಿಯಿತು.

ಆಮೇಲೆ ಇಎಲ್84 ವಾಲ್ವ್‌ಗಳ (ಗಾಜಿನ ನಿರ್ವಾತ ಕೊಳವೆಗಳ), 12 ವಾಟ್‌ನ, ಅಲ್ಟ್ರಾಲೀನಿಯರ್ ಪುಶ್‌ಪುಲ್ ಎಂಬ ಬಗೆಯ ಆಂಪ್ಲಿಫೈಯರ್ ತಂದು, ಸಹಜವಾಗಿಯೇ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ 16 ಓಂ ಟ್ಯಾಪ್‌ಗೆ (ಆ ಓಂನ ಸ್ಪೀಕರ್‌ಗೆಂದು ಇಟ್ಟ ಜೋಡಣೆ ತುದಿಗೆ) ತಂತಿ ಬಿಗಿದೆ. ಸದ್ದು ಬಹುಮಟ್ಟಿಗೆ ಅಡಗಿತಾದರೂ ಮೃದಂಗದ ಎಡಗೈ ಪೆಟ್ಟು ಊದಿಕೊಂಡಂತೆ ಕೇಳತೊಡಗಿತು. ಕಾರಣ ತಿಳಿಯಲು 1000 ಓಂನ ರೆಸಿಸ್ಟರ್ ಮತ್ತು ಸಿಗ್ನಲ್ ಜನರೇಟರ್ ಇಟ್ಟುಕೊಂಡು ಸ್ಪೀಕರ್‌ನ ಇಂಪೀಡೆನ್ಸ್ (ಸ್ವರದ ಆವರ್ತನಕ್ಕೆ ತಕ್ಕಂತೆ ಬದಲಾಗುವ ತಡೆ) ಅಳೆದೆ: ಅತಿ ಕಡಿಮೆಯಿದ್ದಲ್ಲಿ 11 ಓಂ, ಬಾಸ್‌ನ ಅನುರಣನದ ಹತ್ತಿರ 60 ಓಂ. ಬಳಿಕ 8 ಮತ್ತು 16 ಓಂನ ದೊಡ್ಡ ರೆಸಿಸ್ಟರ್‌ಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿ, ವೋಲ್ಟೇಜ್ ಎಷ್ಟು ಕುಸಿಯುತ್ತದೆಂದು ನೋಡಿದಾಗ ಆಂಪ್ಲಿಫೈಯರ್‌ನ ಔಟ್‌ಪುಟ್ ಇಂಪೀಡೆನ್ಸ್ (ಅದರ ಒಳಗಿನ ತಡೆ) 3 ಓಂ ಎಂದು ತಿಳಿಯಿತು. ಈ 3 ಓಂನ ದೆಸೆಯಿಂದ 60 ಓಂ ಇರುವೆಡೆ ಧ್ವನಿ 11 ಓಂ ಇರುವೆಡೆಗಿಂತ 1.7 ಡೆಸಿಬೆಲ್ ಮೇಲೇಳುತ್ತಿತ್ತು. ಕಿವಿ ಹೇಳಿದ್ದು ಸುಳ್ಳಾಗಿರಲಿಲ್ಲ.

ಸ್ಪೀಕರನ್ನು 8 ಓಂ ಟ್ಯಾಪ್‌ಗೆ ಬದಲಿಸಿದೆ. ಔಟ್‌ಪುಟ್ ಇಂಪೀಡೆನ್ಸ್ ಅರ್ಧವಾಗಿ, ಏರಿಳಿತ 0.9 ಡೆಸಿಬೆಲ್‌ಗೆ ಇಳಿಯಿತು. ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) 3 ಡೆಸಿಬೆಲ್ ತಗ್ಗಿದ್ದರಿಂದ 0.6 ಮಿಲಿವೋಲ್ಟ್ ಇದ್ದ ಸದ್ದು 0.4ಕ್ಕೆ ಬಂತು. ಗರಿಷ್ಠ ಶಕ್ತಿ 7 ವಾಟ್‌ಗೆ ಕುಗ್ಗಿದರೂ ಒಂದು ಮೀಟರ್‌ನಲ್ಲಿ 105 ಡೆಸಿಬೆಲ್ ಸಿಗುವಾಗ ಆ ನಷ್ಟವನ್ನು ನಾನು ಸಂತೋಷದಿಂದ ಒಪ್ಪಿಕೊಂಡೆ. ಎಡಗೈ ಪೆಟ್ಟು ಈಗ ಚರ್ಮಕ್ಕೆ ಬಿದ್ದ ಪೆಟ್ಟಿನಂತೆಯೇ ಕೇಳುತ್ತದೆ, ತಂಬೂರ ತಾನೊಂದೇ ಉಳಿಯುತ್ತದೆ.

ಇದರ ತಿರುಗುಮುರುಗು, ಅಂದರೆ 8 ಓಂ ಸ್ಪೀಕರನ್ನು 16 ಓಂ ಟ್ಯಾಪ್‌ಗೆ ಜೋಡಿಸುವುದು, ವಾಲ್ವ್‌ಗಳಿಗೆ ಭಾರವಾಗುತ್ತದೆ. ನಾನು ಹಾಗೆ ಮಾಡುವುದಿಲ್ಲ. ಟ್ಯಾಪ್ ಬದಲಿಸುವಾಗ ಆಂಪ್ಲಿಫೈಯರ್ ಆರಿಸಿರಬೇಕು. ಸ್ಪೀಕರ್ ಇಲ್ಲದೆ ಹಾಡು ಹರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.