ಭೋಸರಿಯ ಮಷಿನ್ ಶಾಪು, ಗಡಿ ತಾಲೂಕಿನ ಶೆಡ್ಡು: ಸಹಾಯಧನ ಎಲ್ಲಿಯವರೆಗೆ ಒಯ್ಯುತ್ತದೆ

ಮಹಾರಾಷ್ಟ್ರದ ಕೈಗಾರಿಕಾ ಪ್ರೋತ್ಸಾಹ ಯೋಜನೆಯಲ್ಲಿ ಪ್ರತಿ ತಾಲೂಕಿಗೂ ಒಂದು ವರ್ಗ ಇದೆ. ಎ, ಬಿ, ಸಿ, ಡಿ, ಡಿ ಪ್ಲಸ್; ಅದರಾಚೆಗೆ ಉದ್ದಿಮೆಯೇ ಇಲ್ಲದ ಜಿಲ್ಲೆಗಳು, ನಕ್ಸಲ್ ಬಾಧಿತ ಪ್ರದೇಶಗಳು. ಮುಂಬೈ, ಪುಣೆಯಂಥ ಮುಂದುವರಿದ ಭಾಗಗಳು ಎ ವರ್ಗದಲ್ಲಿ ಬರುತ್ತವೆ, ಅಲ್ಲಿ ಸಿಗುವ ರಿಯಾಯಿತಿ ಬಹಳ ಕಡಿಮೆ. ತಾಲೂಕು ಹಿಂದುಳಿದಷ್ಟೂ ಸಹಾಯ ಹೆಚ್ಚುತ್ತದೆ. ಮುಂಬೈ, ಠಾಣೆ, ಪುಣೆಯಲ್ಲೇ ಗುಂಪುಗೂಡುತ್ತಿದ್ದ ಕಾರ್ಖಾನೆಗಳನ್ನು ಉಳಿದ ಕಡೆಗೂ ಹರಡಬೇಕು ಎಂದೇ 1964ರಲ್ಲಿ ಈ ಯೋಜನೆ ಶುರುವಾಯಿತು. ಅಲ್ಲಿಂದ ಹಲವು ಸಲ ಹೊಸದಾಗಿ ಬಂದಿದೆ. ನಾನು ಬಳಸಿದ್ದು 2019ರ ಆವೃತ್ತಿ.

ನಾನು ವಿಜಯಪುರ ಕಡೆಯವನು. ಐಟಿಐ ಮುಗಿಸಿ ಪುಣೆಗೆ ಬಂದು, ಲೇಥ್ ಮೇಲೆ ಕೈ ಪಳಗಿಸಿ, ಆಮೇಲೆ ಪುಣೆ ಪಕ್ಕದ ಪಿಂಪ್ರಿ ಚಿಂಚವಡದ ಭೋಸರಿಯಲ್ಲಿ ಸ್ವಂತ ಮಷಿನ್ ಶಾಪ್ ಹಾಕಿದವನು. ನನ್ನ ಹತ್ತಿರ ಕೆಲಸಕ್ಕೆ ಬರುವ ಹುಡುಗರಲ್ಲಿ ಅಕ್ಕಲಕೋಟೆ, ಇಂಡಿ, ಅಫಜಲಪುರದವರೇ ಹೆಚ್ಚು. ಗಡಿಯ ಆಚೆ ಈಚೆ ಎಂಬುದು ಬಿಟ್ಟರೆ ಎಲ್ಲರ ಮನೆಮಾತು ಕನ್ನಡ. ನಾಲ್ಕೈದು ಜನ ಸೇರಿ ಒಂದು ಖೋಲಿ ಹಿಡಿದು, ಸಂಬಳದ ದೊಡ್ಡ ಪಾಲನ್ನು ಬಾಡಿಗೆ, ಊಟಕ್ಕೇ ಸುರಿಯುತ್ತಾರೆ. ಅಕ್ಕಲಕೋಟೆ ಕಡೆಯ ಒಬ್ಬ ಸೆಟ್ಟರ್, ಅಂದರೆ ಕೆಲಸಕ್ಕೆ ತಕ್ಕಂತೆ ಮಷಿನ್ ಹೊಂದಿಸುವವನು, ಒಂದು ದಿನ ನನಗೆ ನೇರವಾಗಿ ಕೇಳಿದ: "ಅಣ್ಣಾ, ಇದ ಮಷಿನ್ ನಮ್ಮೂರಾಗ ಇದ್ರ ನಾ ಯಾಕ ಇಲ್ಲಿ ಬರ್ತಿದ್ದೆ?" ಅವನ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾನು ತಾಲೂಕುಗಳ ಪಟ್ಟಿ ತೆಗೆದು ಓದಿದ್ದು. ಸೋಲಾಪುರ ಜಿಲ್ಲೆಯ ಗಡಿ ಭಾಗದಲ್ಲಿ, ಕೆಳ ವರ್ಗದ ಒಂದು ತಾಲೂಕಿನಲ್ಲಿ ಎರಡನೇ ಘಟಕ ಹಾಕುವುದೆಂದು ನಿರ್ಧರಿಸಿದೆ.

ಈ ಯೋಜನೆಯ ಲೆಕ್ಕ ತಿಳಿಯದೆ ಯಾರೂ ಹೆಜ್ಜೆ ಇಡಬಾರದು. 2019ರ ಆವೃತ್ತಿಯಲ್ಲಿ ಮುಖ್ಯ ಸಹಾಯ ಎಂದರೆ ಕೈಗಾರಿಕಾ ಪ್ರೋತ್ಸಾಹ ಸಹಾಯಧನ. ಅದು ಮಷಿನ್ ಕೊಳ್ಳುವಾಗ ಕೈಗೆ ಬರುವ ಹಣವಲ್ಲ. ಮಾಲು ಮಾಡಿ, ಮಾರಿ, ರಾಜ್ಯ ಜಿಎಸ್‌ಟಿ ಕಟ್ಟಿದ ಮೇಲೆ ಆ ತೆರಿಗೆಯ ಆಧಾರದಲ್ಲಿ ಹಿಂದಿರುಗಿ ಬರುವ ಹಣ. ಮಹಾರಾಷ್ಟ್ರದೊಳಗಿನ ಮಾರಾಟ ಮಾತ್ರ ಲೆಕ್ಕಕ್ಕೆ. ಗಡಿಯಲ್ಲಿ ಕೂತು ವಿಜಯಪುರದ ಗಿರಾಕಿಗೆ ಮಾರಿದರೆ ಅದಕ್ಕೆ ಬೀಳುವುದು ಐಜಿಎಸ್‌ಟಿ, ಅಂದರೆ ರಾಜ್ಯ ರಾಜ್ಯಗಳ ನಡುವಿನ ಮಾರಾಟದ ತೆರಿಗೆ; ಅದು ಸಹಾಯಧನಕ್ಕೆ ಸೇರುವುದಿಲ್ಲ. ಹಾಗಾಗಿ ನಾನು ಬ್ಯಾಂಕಿಗೆ ಕೊಟ್ಟ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಈ ಹಣವನ್ನು ಆದಾಯದ ಕಡೆ ತೋರಿಸಲೇ ಇಲ್ಲ. ಸಹಾಯಧನ ಇಲ್ಲದೆಯೂ ಕಂತು ಕಟ್ಟಲು ಆಗುತ್ತದೆಯೇ ಎಂದು ನೋಡಿಕೊಂಡೇ ಸಾಲ ಎತ್ತಿದೆ. ಬಡ್ಡಿ ಸಹಾಯ, ವಿದ್ಯುತ್ ಸುಂಕದ ವಿನಾಯಿತಿ, ಸ್ಟಾಂಪ್ ಡ್ಯೂಟಿ ವಿನಾಯಿತಿ ಬೇರೆ ಬೇರೆ ಸಿಗುತ್ತವೆ; ಅವುಗಳಿಗೆ ಜಾಗದ ಕರಾರು, ಸಾಲ ಮಂಜೂರಾತಿ, ಮಷಿನ್ ಆರ್ಡರ್ ಎಲ್ಲದರ ತಾರೀಖು ಯೋಜನೆಯ ಅವಧಿಗೆ ಹೊಂದಬೇಕು. ಜಿಲ್ಲಾ ಉದ್ಯೋಗ ಕೇಂದ್ರಕ್ಕೆ ಹೋಗುವ ಮೊದಲೇ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಫೈಲ್ ಮಾಡಿಟ್ಟಿದ್ದೆ, ಅದರಿಂದ ಬಹಳ ಅನುಕೂಲವಾಯಿತು.

ಇಷ್ಟಾದರೂ ಹೊಸ ಜಾಗದಲ್ಲಿ ಮಷಿನ್ ಕೂರಿಸಿದ ಮಾತ್ರಕ್ಕೆ ಧಂದೆ ಬೇರೂರುವುದಿಲ್ಲ. ಭೋಸರಿಯ ಬಲ ನನಗೆ ನಿಜವಾಗಿ ಅರ್ಥವಾದದ್ದು ಅಲ್ಲಿಂದ ಹೊರಗೆ ಹೋದಾಗ. ಭೋಸರಿಯಲ್ಲಿ ಒಂದೇ ಗಲ್ಲಿಯಲ್ಲಿ ಟೂಲ್ ಗ್ರೈಂಡಿಂಗ್, ಮುಂದಿನದರಲ್ಲಿ ಹೀಟ್ ಟ್ರೀಟ್‌ಮೆಂಟ್, ಅದರಾಚೆ ಪ್ಲೇಟಿಂಗ್. ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಮುಗಿದರೆ ಹುಡುಗ ಸೈಕಲ್ ಮೇಲೆ ಹೋಗಿ ತರುತ್ತಾನೆ. ಈ ಗಲ್ಲಿಗಳು ತಾನಾಗಿ ಬೆಳೆದವಲ್ಲ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಬಂತು, 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) ಹುಟ್ಟಿ ನೀರು, ರಸ್ತೆ, ಕರೆಂಟು ಸಮೇತ ಪ್ಲಾಟುಗಳನ್ನು ಹಂಚಿತು, ಟೆಲ್ಕೊ (ಇಂದಿನ ಟಾಟಾ ಮೋಟಾರ್ಸ್), ಬಜಾಜ್‌ನಂಥ ದೊಡ್ಡ ಕಾರ್ಖಾನೆಗಳು ಬಂದವು, ಅವುಗಳ ಸುತ್ತ ನಮ್ಮಂಥ ಸಣ್ಣವರು ಬೇರು ಬಿಟ್ಟರು. ಅದೂ ಸರ್ಕಾರದ ಪ್ರಾದೇಶಿಕ ನೀತಿಯೇ. ಆದರೆ ಹಣ ಹಂಚುವುದಕ್ಕಿಂತ ಮೊದಲು ಅಲ್ಲಿ ನೆರೆಹೊರೆ ಕಟ್ಟಲಾಗಿತ್ತು. ಗಡಿ ತಾಲೂಕಿನಲ್ಲಿ ನನಗೆ ರಿಯಾಯಿತಿ ಇತ್ತು, ನೆರೆಹೊರೆ ಇರಲಿಲ್ಲ.

ಹಾಗಾಗಿ ಎರಡೂ ಜಾಗಗಳನ್ನು ಒಂದಕ್ಕೊಂದು ಕಟ್ಟಿದೆವು. ಹೊಸ ಡ್ರಾಯಿಂಗ್, ಮೊದಲ ಸ್ಯಾಂಪಲ್, ಅಳತೆ, ಪರೀಕ್ಷೆ ಪುಣೆಯಲ್ಲಿ. ಕುದುರಿದ ಮೇಲೆ ದೊಡ್ಡ ಲಾಟು ಆ ಕಡೆ. ಇದಕ್ಕೆ ಚಿಂಚವಡದ ಆಟೋ ಕ್ಲಸ್ಟರ್ ದೊಡ್ಡ ಆಸರೆ. ಕೇಂದ್ರದ ಕೈಗಾರಿಕಾ ಮೂಲಸೌಕರ್ಯ ಉನ್ನತೀಕರಣ ಯೋಜನೆಯಲ್ಲಿ, ಪಿಂಪ್ರಿ ಚಿಂಚವಡ ಮಹಾನಗರಪಾಲಿಕೆ ಮತ್ತು ಉದ್ದಿಮೆದಾರರು ಕೈಜೋಡಿಸಿ ಕಟ್ಟಿದ ಸಂಸ್ಥೆ ಅದು. ಕ್ಯಾಲಿಬ್ರೇಶನ್, ಮೆಟೀರಿಯಲ್ ಪರೀಕ್ಷೆ, ರಾಪಿಡ್ ಪ್ರೊಟೊಟೈಪಿಂಗ್ ಅಲ್ಲಿ ಫೀ ಕಟ್ಟಿ ಮಾಡಿಸಬಹುದು. ನಮ್ಮಂಥವರು ಸ್ವಂತಕ್ಕೆ ಕೊಂಡರೆ ಅರ್ಧ ದಿನ ಸುಮ್ಮನೆ ನಿಲ್ಲುವ ಯಂತ್ರಗಳು ಅವು. ಹೊಸತನಕ್ಕೆ ಸರ್ಕಾರ ಮಾಡಬಹುದಾದ ಅತ್ಯಂತ ಒಳ್ಳೆಯ ಖರ್ಚು ಇಂಥದ್ದು ಎಂದು ನಾನು ನಂಬಿದ್ದೇನೆ.

ನಮ್ಮ ಹಳೆ ಕೆಲಸವೆಲ್ಲ ಪೆಟ್ರೋಲ್ ಎಂಜಿನ್ನಿನ ಬಿಡಿಭಾಗಗಳದ್ದು. ಬ್ಯಾಟರಿ ಸ್ಕೂಟರುಗಳು ಬಂದಾಗ ಅಲ್ಯೂಮಿನಿಯಂ ಹೌಸಿಂಗ್ (ಹೊರಕವಚ) ಮಾಡಿಕೊಡುತ್ತೀರಾ ಎಂಬ ಕೇಳಿಕೆ ಬಂತು. ತೆಳು ಗೋಡೆ, ಬಿಗಿಯಾಗಿ ಹಿಡಿದರೆ ಬಾಗುತ್ತದೆ, ಸಡಿಲ ಹಿಡಿದರೆ ಅದುರುತ್ತದೆ. ಎರಡು ಸಲ ಕಚ್ಚಿಸಿ ಮಾಡುತ್ತಿದ್ದುದನ್ನು ಒಂದೇ ಸಲಕ್ಕೆ ಮುಗಿಸುವ ಫಿಕ್ಸ್ಚರ್, ಅಂದರೆ ಬಿಡಿಭಾಗವನ್ನು ಮಷಿನ್ ಮೇಲೆ ಹಿಡಿದಿಡುವ ಸಾಧನ, ತಯಾರಾದದ್ದು ಗಡಿ ಘಟಕದಲ್ಲಿ. ಅದನ್ನು ಯೋಚಿಸಿದವನು ಅದೇ ಸೆಟ್ಟರ್, ಈಗ ಅಲ್ಲಿ ಮನೆಯಿಂದಲೇ ಡ್ಯೂಟಿಗೆ ಬರುತ್ತಾನೆ. ಅವನು ಊರಿಗೆ ಮರಳಿದ್ದರಿಂದ ಇದು ಆಯಿತು ಎಂದು ನಾನು ಹೇಳಲಾರೆ. ಆದರೆ ಪಾಳಿ ಮುಗಿದ ಮೇಲೂ ಮಷಿನ್ ಹತ್ತಿರ ನಿಂತು ಯೋಚಿಸುವ ಬಿಡುವು ಅವನಿಗೆ ಭೋಸರಿಯಲ್ಲಿ ಇರಲಿಲ್ಲ, ಓವರ್‌ಟೈಮ್ ಬಿಟ್ಟರೆ ಬಾಡಿಗೆ ಹೊಂದುತ್ತಿರಲಿಲ್ಲ. ಈ ಫಿಕ್ಸ್ಚರ್ ಬಗ್ಗೆ ನನಗೆ ತುಂಬಾ ಹೆಮ್ಮೆ ಇದೆ.

ನೀತಿ ಮಾಡುವವರಿಗೆ ನನ್ನ ಬೇಡಿಕೆ ಒಂದೇ. ಸಹಾಯಧನ ಒಂದೊಂದು ಘಟಕಕ್ಕೆ ಹೋಗುತ್ತದೆ, ಸರಿ. ಅದರ ಜೊತೆಗೆ ಕೆಳ ವರ್ಗದ ತಾಲೂಕುಗಳಲ್ಲಿ ಒಂದು ಅಳತೆ ಕೋಣೆ, ಒಂದು ಫರ್ನೇಸ್, ಐಟಿಐ ಹುಡುಗರಿಗೆ ನಿಜವಾದ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಬೇಕು. ಕೇಂದ್ರದ ಕ್ಲಸ್ಟರ್ ಯೋಜನೆಯಲ್ಲೂ, ರಾಜ್ಯದ ಕ್ಲಸ್ಟರ್ ಯೋಜನೆಯಲ್ಲೂ ಸಾಮೂಹಿಕ ಸೌಲಭ್ಯ ಕೇಂದ್ರಕ್ಕೆ ಅನುದಾನದ ದಾರಿ ಇದೆ. ಅದಕ್ಕೆ ಘಟಕಗಳು ಒಂದಾಗಿ ಕಂಪನಿ ಮಾಡಿಕೊಂಡು ತಮ್ಮ ಪಾಲು ಹಾಕಬೇಕು. ಪೈಪೋಟಿಯವರನ್ನು ಒಂದೇ ಮೇಜಿಗೆ ಕೂರಿಸುವುದು ಕಷ್ಟ. ಯಾರ ಡ್ರಾಯಿಂಗ್ ಯಾರ ಕಣ್ಣಿಗೆ ಬೀಳುತ್ತದೋ ಎಂಬ ಅಂಜಿಕೆ ಎಲ್ಲರಿಗೂ ಇದೆ, ನನಗೂ ಇದೆ. ಅದಕ್ಕೇ ಅಳತೆ ಕೋಣೆಯನ್ನು ನಮ್ಮಲ್ಲಿ ಯಾರ ಕೈಗೂ ಕೊಡದೆ, ಸಂಬಳದ ಮ್ಯಾನೇಜರ್ ಒಬ್ಬನ ಕೈಯಲ್ಲಿ ಇಡುವುದೆಂದು ಈಗ ಮಾತು ನಡೆದಿದೆ. ಸೋಲಾಪುರ ಕಡೆಯ ಕೆಲವು ಫೌಂಡ್ರಿ, ಪವರ್‌ಲೂಮ್ ಬಿಡಿಭಾಗದವರು ಒಪ್ಪಿದ್ದಾರೆ. ಫರ್ನೇಸ್ ಯಾವ ಅಳತೆಯದು ಎಂಬುದರ ಮೇಲೆ ಇನ್ನೂ ಜಗಳ ಇದೆ: ಅವರಿಗೆ ದೊಡ್ಡದು ಬೇಕು, ನಮಗೆ ಚಿಕ್ಕದು ಸಾಕು.